ಮುತ್ಯಾನ ರಿವಾಲ್ವರ್ ಮೇಲಿನ ಕೆತ್ತನೆ: ಪಾಲಿಶ್ ಮಾಡಿಸಬೇಕಾ, ಹಾಗೇ ಬಿಡಬೇಕಾ?

ಎರೆಮಣ್ಣು (ಭಾಲ್ಕಿ)

ಎಲ್ಲರಿಗೂ ನಮಸ್ಕಾರ. ಊರು ಭಾಲ್ಕಿ ತಾಲ್ಲೂಕು, ಕೆಲಸ ಬೀದರ್‌ನಲ್ಲಿ. ನಮ್ಮ ಮುತ್ಯಾ ಐದು ತಿಂಗಳ ಹಿಂದೆ ತೀರಿಕೊಂಡರು. ಹೋದ ವಾರ ಊರ ಮನೆ ಸ್ವಚ್ಛ ಮಾಡುವಾಗ ದೇವರ ಕೋಣೆಯ ಸಂದೂಕ ತೆಗೆದೆವು. ಅದರಲ್ಲಿ ಅವರ ರಿವಾಲ್ವರ್ ಇದೆ. ಮನೆಯವರಿಗೆ ಇದು ಹೊಸದಲ್ಲ. ಪ್ರತಿ ವರ್ಷ ಖಂಡೆ ಪೂಜೆಗೆ ಮುತ್ಯಾ ಅದನ್ನು ತೆಗೆದು, ಕುಡುಗೋಲು, ಕೊಡಲಿ ಜೊತೆ ಇಟ್ಟು ಅರಿಶಿನ ಕುಂಕುಮ ಹಚ್ಚುತ್ತಿದ್ದರು. ಮಕ್ಕಳಿಗೆ ಮುಟ್ಟಲು ಬಿಡುತ್ತಿರಲಿಲ್ಲ. ಮುತ್ಯಾನ ಅಪ್ಪ ನಿಜಾಮರ ಕಾಲದಲ್ಲಿ ಊರ ಪಾಟೀಲರಾಗಿದ್ದರು, ಆಗ ಬಂದದ್ದು ಅಂತ ಹೇಳುತ್ತಿದ್ದರು.

ಚಿಕ್ಕದು. ಅಂಗೈ ತುಂಬುವಷ್ಟೇ. ನಳಿಕೆ ನನ್ನ ನಡುಬೆರಳಿಗಿಂತ ಗಿಡ್ಡ. ಗುಂಡು ಹಾಕುವ ಗಾಲಿಯಲ್ಲಿ ಐದು ತೂತು. ಹಿಡಿಕೆ ಕಟ್ಟಿಗೆಯದು. ಮೈ ತುಂಬ ಬಳ್ಳಿ, ಎಲೆ, ಗಾಲಿಯ ಮೇಲೆ ಹೂ. ಆದರೆ ಎಲ್ಲ ಗೆರೆಗಳಲ್ಲೂ ಕುಂಕುಮ ಗಟ್ಟಿಯಾಗಿ ಕೂತಿದೆ. ಕೆಲವು ಕಡೆ ಜಂಗು. ಗಾಲಿಯ ಮೇಲೆ ಒಂದು ಸಣ್ಣ ಮೊಟ್ಟೆಯಾಕಾರದ ಮುದ್ರೆ, ಒಳಗೆ ಇ ಎಲ್ ಜಿ ಅಂತ ಇಂಗ್ಲಿಷ್ ಅಕ್ಷರ, ಮೇಲೆ ಕಿರೀಟ. ಹಿಡಿಕೆಯ ಬೆನ್ನ ಪಟ್ಟಿಯಲ್ಲಿ ಉರ್ದು ಅಕ್ಷರ, ಉರ್ದು ಅಂಕಿಯಲ್ಲಿ 1311. ನನಗೆ ಅಂಕಿ ಮಾತ್ರ ಓದಲು ಬರುತ್ತದೆ. ಅದು ಬಂದೂಕಿನ ನಂಬರೋ, ಇಸವಿಯೋ ಗೊತ್ತಾಗಲಿಲ್ಲ.

ಈಗ ಮನೆಯಲ್ಲಿ ವಾದ ನಡೆದಿದೆ. ದಸರೆಗೆ ಮುಂಚೆ ಬಫಿಂಗ್ ಅಂಗಡಿಗೆ ಕೊಟ್ಟು ಬೆಳ್ಳಗೆ ಮಾಡಿಸೋಣ, ಮಾಸಿದ ಬಳ್ಳಿಯನ್ನು ಬಿದ್ರಿ ಕಾರಿಗರ ಕೈಯಲ್ಲಿ ಮತ್ತೆ ಕೊರೆಸಿ ಕಪ್ಪು ಹಾಕಿಸೋಣ ಅಂತ ಕಾಕಾ ಹೇಳುತ್ತಾರೆ. ಅವ್ವ ಬೇಡ ಅನ್ನುತ್ತಾಳೆ. ಹೈದರಾಬಾದಿನ ಒಬ್ಬರು ಫೋಟೋ ನೋಡಿ ಖರೀದಿಗೆ ಕೇಳಿದ್ದಾರೆ. ಮುತ್ಯಾನ ಹೆಸರಲ್ಲಿ ಹಳೇ ಲೈಸೆನ್ಸ್ ಪುಸ್ತಕ ಸಿಕ್ಕಿದೆ, ರಿನ್ಯೂ ಆಗಿ ಬಹಳ ವರ್ಷ ಆಗಿದೆ. ಏನು ಮಾಡಲಿ? ಇಂಥ ಕೆತ್ತನೆ ಆಯುಧಗಳ ಬಗ್ಗೆ ಬಲ್ಲವರು ದಯವಿಟ್ಟು ಹೇಳಿ.

ವಕೀಲ (ಯಾದಗಿರಿ)

ಕೆತ್ತನೆ ಮಾತು ಆಮೇಲೆ. ಮೊದಲು ಇದನ್ನು ಓದಿ.

1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಮುತ್ಯಾನ ಲೈಸೆನ್ಸ್ ಮುತ್ಯಾನದು, ಅದು ಮೊಮ್ಮಕ್ಕಳಿಗೆ ತಾನಾಗಿ ಬರುವುದಿಲ್ಲ. ಅವಧಿ ಮುಗಿದ ಆಯುಧವನ್ನು ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಇಲ್ಲವೇ ಲೈಸೆನ್ಸ್ ಇರುವ ಆಯುಧ ವ್ಯಾಪಾರಿಯ ಹತ್ತಿರ ಠೇವಣಿ ಇಡಬೇಕು. 21ನೇ ಕಲಂ ಇದೇ ವಿಷಯದ್ದು. ಠೇವಣಿ ಇಟ್ಟರೆ ಕಳೆದುಕೊಂಡಂತೆ ಅಲ್ಲ. ವಾರಸುದಾರರು ಅರ್ಜಿ ಹಾಕಿ ವಾಪಸು ಪಡೆಯುವ ದಾರಿ ಇದೆ. ಬೀದರ್‌ನಲ್ಲಿ ಅರ್ಜಿ ಹೋಗುವುದು ಡಿಸಿ ಆಫೀಸಿಗೆ.

ಹಳೇ ಕಾಲದ ಆಯುಧ ಅಲ್ವಾ, ಕಾನೂನು ಬೇಡ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 45ನೇ ಕಲಂನಲ್ಲಿ ವಿನಾಯಿತಿ ಇದೆ, ನಿಜ. ಆದರೆ ಅದು ರಿಪೇರಿ ಮಾಡಿದರೂ ಗುಂಡು ಹಾರಿಸಲು ಬರದಂಥ ಹಳೇ ಆಯುಧಕ್ಕೆ. 2020ರಲ್ಲಿ ನಿಯಮ ತಿದ್ದಿದಾಗ ಕ್ಯೂರಿಯೊ (ಹಳೇ ಅಪರೂಪದ ವಸ್ತು) ವರ್ಗದ ಸಣ್ಣ ಆಯುಧ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ ಅಂತ ಮಾಡಿದರು. ಅಲ್ಲೂ ಬಳಸಲು, ಒಯ್ಯಲು, ಸಾಗಿಸಲು ಲೈಸೆನ್ಸ್ ಬೇಕೇ ಬೇಕು. ನಿಮ್ಮದು ಯಾವ ವರ್ಗಕ್ಕೆ ಬರುತ್ತದೆ ಅಂತ ತೀರ್ಮಾನಿಸುವವರು ನಾವು ನೀವಲ್ಲ. ಅದಕ್ಕೇ ಬಫಿಂಗ್ ಅಂಗಡಿಗೆ ಚೀಲದಲ್ಲಿ ಹಾಕಿಕೊಂಡು ಹೋಗುವ ಯೋಚನೆ ಬಿಡಿ. ಹೈದರಾಬಾದಿನವರಿಗೆ ಇಲ್ಲ ಅಂತ ಹೇಳಿ. ಠಾಣೆಗೆ ಮೊದಲು ಫೋನ್ ಮಾಡಿ, ಹೇಗೆ ತರಬೇಕು ಅಂತ ಕೇಳಿ, ಅವರು ಹೇಳಿದಂತೆ ಮಾಡಿ. ರಸೀದಿಯಲ್ಲಿ ಮುದ್ರೆ, ಬರಹ, ಕೆತ್ತನೆ ಎಲ್ಲ ಬರೆಸಿಕೊಳ್ಳಿ.

ಇನ್ನೊಂದು. ಒಳಗೆ ಗುಂಡು ಇಲ್ಲ ಅಂತ ಮನೆಯವರು ಹೇಳಿದರೂ ಇದೆ ಅಂತಲೇ ತಿಳಿಯಿರಿ. ಗುಂಡು ಹಾರಿಸುವ ಕುದುರೆ ಎಳೆದು ನೋಡಬೇಡಿ.

ಫರ್ಸಿ ಕಲ್ಲು (ಕಲಬುರಗಿ)

ವಕೀಲರು ಹೇಳಿದ್ದೇ ಮೊದಲ ಕೆಲಸ. ನಾನು ಕೆತ್ತನೆ ಬಗ್ಗೆ ಬರೆಯುತ್ತೇನೆ.

ನನ್ನ ಹತ್ತಿರ ಒಂದೂ ಬಂದೂಕು ಇಲ್ಲ. ಆದರೆ ಮೂವತ್ತು ವರ್ಷದಿಂದ ಕೆತ್ತನೆಯ ರಿವಾಲ್ವರ್‌ಗಳನ್ನು ಸಂಗ್ರಹಿಸುತ್ತಿದ್ದೇನೆ ಅಂತಲೇ ಹೇಳುತ್ತೇನೆ. ಹನ್ನೊಂದು ನೋಟ್‌ಬುಕ್ ಇವೆ. ಚಿತ್ರ, ಮುದ್ರೆ, ಬಳ್ಳಿಯ ನಕಲು, ಎಲ್ಲ ಅದರಲ್ಲಿದೆ. ಎಲೆ ಎಲ್ಲಿ ಮಡಚಿತು, ಹಿನ್ನೆಲೆಗೆ ಚುಕ್ಕೆ ಹೊಡೆದಿದ್ದಾರಾ ಗೆರೆ ಎಳೆದಿದ್ದಾರಾ, ಇದನ್ನೆಲ್ಲ ಪೆನ್ಸಿಲ್‌ನಲ್ಲಿ ಬರೆದುಕೊಂಡರೆ ಅದು ನಮ್ಮದಾಗುತ್ತದೆ. ನ್ಯೂಯಾರ್ಕಿನಲ್ಲಿ ನಿಮ್ಶ್ಕೆ ಅಂತ ಒಬ್ಬ ಕೆತ್ತನೆಗಾರ ಇದ್ದ, ಜರ್ಮನಿಯಿಂದ ಹೋದವನು, 1904ರಲ್ಲಿ ತೀರಿಕೊಂಡ. ತಾನು ಕೊರೆದ ಆಯುಧಗಳ ಮಸಿ ಅಚ್ಚು ತೆಗೆದು ಪುಸ್ತಕದಲ್ಲಿ ಅಂಟಿಸಿ ಇಟ್ಟಿದ್ದ. ಅವನ ಕೈ ಯಾವುದು ಅಂತ ಇವತ್ತಿಗೂ ಆ ಅಚ್ಚು ನೋಡಿ ಗುರುತಿಸುತ್ತಾರೆ. ನನ್ನ ನೋಟ್‌ಬುಕ್ಕಿಗೆ ಅವನೇ ದಾರಿ ತೋರಿಸಿದವನು.

ಈಗ ನಿಮ್ಮದು. ಇ ಎಲ್ ಜಿ ಮುದ್ರೆ ಬೆಲ್ಜಿಯಂ ದೇಶದ ಲಿಯೇಜ್ ಊರಿನ ಪರೀಕ್ಷಾಲಯದ್ದು. ಜಾಸ್ತಿ ಮದ್ದು ತುಂಬಿ ಹಾರಿಸಿ, ಒಡೆಯದೆ ಉಳಿದರೆ ಆ ಮುದ್ರೆ. ಮುದ್ರೆಯ ಮೇಲೆ ಕಿರೀಟ ಬಂದದ್ದು 1893ರಿಂದ. ಹಾಗಾಗಿ ನಿಮ್ಮದು 1893ಕ್ಕಿಂತ ಹಳೆಯದಲ್ಲ. ಗಿಡ್ಡ ನಳಿಕೆ, ಐದು ತೂತು ಅಂದಿರಿ. ಅದು ಬುಲ್‌ಡಾಗ್ ಮಾದರಿ ಇರಬೇಕು. ಇಂಗ್ಲೆಂಡಿನ ವೆಬ್ಲಿ ಕಂಪನಿ 1872ರಲ್ಲಿ ಅದನ್ನು ತಂದಿತು, ಕೋಟಿನ ಜೇಬಿಗೆ ಹೋಗುವ ರಿವಾಲ್ವರ್. ಲಿಯೇಜ್‌ನವರು ಅದರ ನಕಲು ಬೇಕಾದಷ್ಟು ಮಾಡಿದರು. ಅಲ್ಲಿ ಮನೆಮನೆಯಲ್ಲಿ ಬಂದೂಕಿನ ಕೆಲಸ ನಡೆಯುತ್ತಿತ್ತು. ಒಬ್ಬರ ಮನೆಯಲ್ಲಿ ನಳಿಕೆ, ಇನ್ನೊಬ್ಬರ ಮನೆಯಲ್ಲಿ ಹಿಡಿಕೆ, ಮತ್ತೊಬ್ಬರ ಹತ್ತಿರ ಕೆತ್ತನೆ.

ಕೆತ್ತನೆ ಕೈಯದಾ ಅಚ್ಚಿನದಾ ಅಂತ ನೋಡುವುದು ಹೇಗೆ? ಅಮೆರಿಕದ ಕೋಲ್ಟ್ ಕಂಪನಿಯ 1851ರ ನೇವಿ ರಿವಾಲ್ವರ್ ಗಾಲಿಯ ಮೇಲೆ ಹಡಗುಗಳ ಯುದ್ಧದ ಚಿತ್ರ ಇದೆ, 1843ರಲ್ಲಿ ಮೆಕ್ಸಿಕೊ ಕರಾವಳಿಯಲ್ಲಿ ನಡೆದ ಕಂಪೀಚಿ ಕಾಳಗದ್ದು. ಬಹಳ ಚೆಂದ. ಆದರೆ ಅದನ್ನು ಒಂದೊಂದಾಗಿ ಕೊರೆದದ್ದಲ್ಲ. ನೋಟು ಅಚ್ಚು ಹಾಕುವ ಕೆತ್ತನೆಗಾರ ಓರ್ಮ್ಸ್‌ಬಿ ಒಂದು ಅಚ್ಚು ಮಾಡಿಕೊಟ್ಟ, ಅದನ್ನು ಗಾಲಿ ಮೇಲೆ ಒತ್ತಿ ಉರುಳಿಸಿದರು. ಹಾಗಾಗಿ ಎಲ್ಲದರ ಮೇಲೂ ಅದೇ ಹಡಗು, ಅದೇ ಅಲೆ. ಅದೇ ಕೋಲ್ಟ್‌ನಲ್ಲಿ ಗುಸ್ತಾವ್ ಯಂಗ್ ಥರದವರು ಕೈಯಿಂದ ಕೊರೆದದ್ದು ನೋಡಿದರೆ ಎರಡು ಎಲೆ ಒಂದೇ ಥರ ಇರುವುದಿಲ್ಲ. ನಿಮ್ಮ ಗಾಲಿಯ ಐದು ಹೂಗಳ ದಳ ಎಣಿಸಿ ನೋಡಿ. ಒಂದರಲ್ಲಿ ದಳ ಸ್ವಲ್ಪ ಓರೆ, ಇನ್ನೊಂದರಲ್ಲಿ ಗೆರೆ ಸ್ವಲ್ಪ ಉದ್ದ ಬಂದಿದ್ದರೆ ಅದು ಕೈ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಚಿನ್ನ ಕೂರಿಸಿದ ಕೋಲ್ಟ್ ಡ್ರಗೂನ್ ಇದೆ, ಅದರ ಮೇಲೆ ವಾಷಿಂಗ್ಟನ್ ಮುಖ. ಅದರ ಫೋಟೋ ಅವರ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿ. ಉಳಿ ಎಲ್ಲಿ ನಿಂತಿತು, ಎಲ್ಲಿ ತಿರುಗಿತು ಅಂತ ಕಾಣುತ್ತದೆ. ಆಮೇಲೆ ನಿಮ್ಮ ಮನೆಯದನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ.

ಬಫಿಂಗ್ ಬಗ್ಗೆ ನನ್ನ ಮನೆಯದೇ ಕಥೆ ಹೇಳುತ್ತೇನೆ. ನಮ್ಮ ಸೋದರಮಾವನ ಹತ್ತಿರ ಲೈಸೆನ್ಸ್ ಇದ್ದ ಹಳೇ ಜೋಡಿ ನಳಿಕೆ ಬಂದೂಕು ಇತ್ತು. ಕುದುರೆಗಳ ಪಕ್ಕದ ತಗಡಿನ ಮೇಲೆ ಕವುಜುಗ ಹಾರುವ ಚಿತ್ರ. ಮಗಳ ಮದುವೆಗೆ ಮನೆಗೆ ಸುಣ್ಣ ಬಳಿಸಿದ ಹುಮ್ಮಸ್ಸಿನಲ್ಲಿ ಅದನ್ನೂ ಪಾಲಿಶ್‌ಗೆ ಕೊಟ್ಟರು. ಕನ್ನಡಿ ಹಾಗೆ ಆಗಿ ಬಂತು. ರೆಕ್ಕೆಯ ಗರಿಗಳು ಹೋಗಿದ್ದವು. ಹಕ್ಕಿಯ ಆಕಾರ ಉಳಿದಿತ್ತು, ಕಣ್ಣು ಇರಲಿಲ್ಲ. ಮಾವ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಆ ಬಂದೂಕನ್ನು ಗೋಡೆಗೆ ತೂಗು ಹಾಕಲೇ ಇಲ್ಲ. ಚಿಕ್ಕವನಿದ್ದಾಗ ಆ ಹಕ್ಕಿಯನ್ನು ನೋಡಿಯೇ ನನಗೆ ಈ ಆಸಕ್ತಿ ಹುಟ್ಟಿದ್ದು. ಅದಕ್ಕೇ ಕೈ ಮುಗಿದು ಕೇಳುತ್ತೇನೆ, ಉಜ್ಜಿಸಬೇಡಿ.

1311 ಇಸವಿಯೇ ಇರಬೇಕು. ಹಿಜರಿ, ಅಂದರೆ ಮುಸ್ಲಿಂ ಪಂಚಾಂಗದ ಲೆಕ್ಕದಲ್ಲಿ, 1893-94. ಕಿರೀಟದ ಮುದ್ರೆ ಶುರುವಾದ ಹೊತ್ತು. ಹೊಂದುತ್ತದೆ, ಆದರೆ ಸ್ವಲ್ಪ ಬಿಗಿ ಅನ್ನಿಸುತ್ತದೆ. ಬೆಲ್ಜಿಯಂನಲ್ಲಿ ತಯಾರಾಗಿ, ಹಡಗು ಹತ್ತಿ, ಭಾಲ್ಕಿ ಕಡೆ ಬಂದು, ಬರಹ ಹಾಕಿಸಿಕೊಳ್ಳಲು ಅಷ್ಟು ಬೇಗ ಆಗುತ್ತದಾ? ಬರಹದ ಹತ್ತಿರದ ಫೋಟೋ ಹಾಕಿ.

ಕಲಮ್ ಕೆಲಸ (ಬೀದರ್)

ನಾನು ಬಿದ್ರಿ ಕೆಲಸದವನು. ಓದಿದ್ದು ಕಡಿಮೆ, ಕೈಯಲ್ಲಿ ಇಪ್ಪತ್ತೆರಡು ವರ್ಷದ ಕೆಲಸ ಇದೆ. ಕಾಕಾ ಅವರಿಗೆ ಇದನ್ನು ಓದಿ ಹೇಳಿ.

ಬಿದ್ರಿ ಕಪ್ಪು ಉಕ್ಕಿಗೆ ಬರುವುದಿಲ್ಲ. ನಮ್ಮ ಸಾಮಾನು ಸತುವಿನದು, ಅದರಲ್ಲಿ ಸ್ವಲ್ಪ ತಾಮ್ರ ಸೇರಿರುತ್ತದೆ. ಕೋಟೆಯ ಒಳಗೆ ಬಿಸಿಲು ಮಳೆ ತಾಗದ ಜಾಗದ ಮಣ್ಣು ತಂದು, ನವಸಾಗರ ಸೇರಿಸಿ ನೀರಲ್ಲಿ ಕುದಿಸಿ ಹಚ್ಚುತ್ತೇವೆ. ಆಗ ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಅದೇ ನವಸಾಗರ ಉಕ್ಕಿಗೆ ತಾಗಿದರೆ ಜಂಗು ತಿನ್ನುತ್ತದೆ. ದುಡ್ಡು ಕೊಟ್ಟು ಹಾಳು ಮಾಡಿಸಿಕೊಂಡ ಹಾಗೆ. ಕೆಲಸ ಗೊತ್ತಿರುವ ಕಾರಿಗರು ಒಪ್ಪುವುದೂ ಇಲ್ಲ.

ನೀವು ಹಾಕಿದ ನಾಲ್ಕು ಫೋಟೋ ಬಹಳ ಹೊತ್ತು ನೋಡಿದೆ. ಅಣ್ಣಾ, ಅದರ ಮೇಲೆ ಎರಡು ಕೈ ಇವೆ.

ಬಳ್ಳಿ ಕೊರೆದವನು ಒಬ್ಬ. ಅವನ ಗೆರೆ ಸಣ್ಣಗೆ ಶುರುವಾಗಿ, ನಡುವೆ ದಪ್ಪ ಆಗಿ, ಮತ್ತೆ ಸಣ್ಣಗೆ ಮುಗಿಯುತ್ತದೆ. ಉಳಿಯನ್ನು ಓರೆ ಮಾಡುತ್ತಾ ಹೋದರೆ ಹಾಗೆ ಬರುತ್ತದೆ. ಗೆರೆಯೇ ಅವನಿಗೆ ಚಿತ್ರ. ಒಳಗೆ ಏನೂ ತುಂಬಬೇಕಾಗಿಲ್ಲ, ಬೆಳಕು ಬಿದ್ದು ಮಿಂಚಿದರೆ ಸಾಕು.

ಉರ್ದು ಬರೆದವನು ಬೇರೆ. ಅವನ ಗೆರೆಯ ಗೋಡೆ ನೇರ ಇಳಿದಿದೆ. ತಳ ಒರಟು. ನಾವು ಬೆಳ್ಳಿ ತಂತಿ ಕೂರಿಸಬೇಕಾದರೆ ಹೀಗೇ ಕಲಮ್ (ಕೊರೆಯುವ ಉಳಿ) ಹೊಡೆಯುತ್ತೇವೆ. ತಳ ನುಣುಪಾದರೆ ತಂತಿ ಹಿಡಿಯುವುದಿಲ್ಲ, ಕೀಳುತ್ತದೆ. ಮೂರನೇ ಫೋಟೋದಲ್ಲಿ ಮೊದಲ ಅಕ್ಷರ ಅಲಿಫ್ ನೋಡಿ. ಬುಡದಲ್ಲಿ ಕುಂಕುಮದ ಕೆಳಗೆ ಅಕ್ಕಿ ನುಚ್ಚಿನಷ್ಟು ಬಿಳಿ ಇದೆ. ಹಿಡಿದಾಗ ಹೆಬ್ಬೆರಳಿನ ಬುಡ ಉಜ್ಜುವ ಜಾಗ ಅದು. ಉಳಿದ ಕಡೆ ಬೆಳ್ಳಿ ಕಪ್ಪಾಗಿ ಕೂತಿದ್ದರೆ ನೀವು ಕೊಳೆ ಅಂದುಕೊಂಡಿರುತ್ತೀರಿ. ಅದು ಬೆಳ್ಳಿಯೇ ಆಗಿದ್ದರೆ, ಬಳ್ಳಿ ಬೆಲ್ಜಿಯಂನದು, ಅಕ್ಷರ ನಮ್ಮ ಕಡೆಯದು. ಬಫಿಂಗ್ ಚಕ್ರಕ್ಕೆ ಒಂದು ಸಲ ಕೊಟ್ಟರೆ ಆ ತಂತಿ ಎಳೆದುಕೊಂಡು ಹೋಗುತ್ತದೆ.

ಮತ್ತೆ ಕೊರೆಸುವ ಬಗ್ಗೆ. ನಾನು ಹದಿನಾರು ವರ್ಷದವನಿದ್ದಾಗ ಒಂದು ಹಳೇ ಕಠಾರಿ ಕೆಲಸಕ್ಕೆ ಬಂದಿತ್ತು. ಉಕ್ಕಿನ ಹಿಡಿಕೆ, ಮೇಲೆ ಮಾಸಿದ ಎಲೆಗಳು. ಮಾಲೀಕರು ಎಲೆ ಎದ್ದು ಕಾಣಬೇಕು ಅಂದರು. ಉಸ್ತಾದ್ ಊರಲ್ಲಿ ಇರಲಿಲ್ಲ. ನಾನೇ ಕೂತು ಎರಡು ದಿನ ಕೊರೆದೆ. ಎಲ್ಲರೂ ಚೆಂದ ಆಯಿತು ಅಂದರು. ಉಸ್ತಾದ್ ಬಂದು ಕೈಗೆ ತೆಗೆದುಕೊಂಡು ಕಿಟಕಿ ಹತ್ತಿರ ಹೋದರು. ಹಳೇ ಕೈ ಒಂದು ಎಲೆಯ ನರವನ್ನು ಒಂದೇ ಏಟಿಗೆ ಎಳೆದಿತ್ತು. ನಾನು ಅದನ್ನು ಮೂರು ಏಟಲ್ಲಿ ಎಳೆದಿದ್ದೆ. ಮುಟ್ಟದೆ ಬಿಟ್ಟ ಒಂದೇ ಒಂದು ಎಲೆ ಮೂಲೆಯಲ್ಲಿ ಇತ್ತು. ಎರಡನ್ನೂ ತೋರಿಸಿ, ತೆಗೆದ ಲೋಹ ಮತ್ತೆ ಹಾಕಲು ಬರುತ್ತದಾ ಬೇಟಾ ಅಂತ ಕೇಳಿದರು. ಬೈಯಲಿಲ್ಲ. ಆ ಮಾತು ಇವತ್ತಿಗೂ ಕಲಮ್ ಹಿಡಿದಾಗ ನೆನಪಾಗುತ್ತದೆ.

ಠಾಣೆಗೆ ಕೊಡುವ ಮುಂಚೆ ಅದನ್ನು ತಿರುವಿ ಮುರುವಿ ಮಾಡಬೇಡಿ. ಇದ್ದ ಜಾಗದಲ್ಲೇ, ಬಟ್ಟೆ ಮೇಲೆ ಇರುವ ಹಾಗೇ ಫೋಟೋ ತೆಗೆಯಿರಿ. ಕೋಣೆ ಕತ್ತಲೆ ಮಾಡಿ. ಬ್ಯಾಟರಿಯನ್ನು ಮೇಲಿಂದ ಹಿಡಿಯಬೇಡಿ, ನೆಲಕ್ಕೆ ಮಲಗಿಸಿ ಪಕ್ಕದಿಂದ ಬೆಳಕು ಬಿಡಿ. ಗೆರೆಯ ಒಂದು ದಂಡೆ ಬೆಳಕು, ಇನ್ನೊಂದು ದಂಡೆ ನೆರಳು ಆಗುತ್ತದೆ. ಕುಂಕುಮ ಇದ್ದರೂ ಅಕ್ಷರ ಎದ್ದು ಬರುತ್ತದೆ.

ಮುಂದೆ ಕಾನೂನು ಪ್ರಕಾರ ಕೈಗೆ ಬಂದ ಮೇಲೆ ಸ್ವಚ್ಛ ಮಾಡುವುದಾದರೆ ನೀರು ಬೇಡ. ನಿಂಬೆ, ಹುಣಸೆ, ಬೂದಿ, ಎಮರಿ ಪೇಪರ್ ಯಾವುದೂ ಬೇಡ. ಹೊಲಿಗೆ ಮಷೀನಿನ ಎಣ್ಣೆ ಒಂದೆರಡು ಹನಿ ಬಿಟ್ಟು ಒಂದು ದಿನ ಬಿಡಿ. ಬಿದಿರಿನ ಚಿಕ್ಕ ಕಡ್ಡಿ, ಮೆತ್ತನೆ ಬ್ರಷ್ ಸಾಕು. ಕುಂಕುಮ ಪುಡಿಯಾಗಿ ಬರುತ್ತದೆ. ಅಕ್ಷರ ಇರುವ ಪಟ್ಟಿಗೆ ಕಡ್ಡಿಯನ್ನೂ ತಾಗಿಸಬೇಡಿ. ಪೂಜೆಗೆ ಇನ್ನು ಮುಂದೆ ಕುಂಕುಮವನ್ನು ಕೆಳಗಿನ ಬಟ್ಟೆಗೆ ಹಚ್ಚಿ. ಕುಂಕುಮ ತೇವ ಹಿಡಿದುಕೊಳ್ಳುತ್ತದೆ, ಅದಕ್ಕೇ ಅದರ ಕೆಳಗೆ ಜಂಗು.

ಎರೆಮಣ್ಣು (ಭಾಲ್ಕಿ)

ಎಲ್ಲರಿಗೂ ಬಹಳ ಧನ್ಯವಾದ. ಹತ್ತು ದಿನ ಆಯಿತು, ಏನಾಯಿತು ಅಂತ ಬರೆಯುತ್ತೇನೆ.

ಠಾಣೆಗೆ ಫೋನ್ ಮಾಡಿದೆವು. ಅವರೇ ಊರಿಗೆ ಬಂದರು. ಪರಿಶೀಲಿಸಿದರು, ಒಳಗೆ ಗುಂಡು ಇರಲಿಲ್ಲ. ಠೇವಣಿ ರಸೀದಿ ಕೊಟ್ಟರು. ಮುದ್ರೆ, ಉರ್ದು ಬರಹ, ಬಳ್ಳಿ ಕೆತ್ತನೆ ಅಂತ ಬರೆಯಿರಿ ಅಂದೆ. ಬರೆದರು. ಡಿಸಿ ಆಫೀಸಿಗೆ ಅಪ್ಪನ ಹೆಸರಲ್ಲಿ ಅರ್ಜಿ ತಯಾರಾಗುತ್ತಿದೆ. ಹೈದರಾಬಾದಿನವರಿಗೆ ಇಲ್ಲ ಅಂತ ಹೇಳಿದ್ದೇನೆ.

ಅವರು ಬರುವ ಹಿಂದಿನ ರಾತ್ರಿ ಹೇಳಿದ ಹಾಗೆ ಫೋಟೋ ತೆಗೆದೆ. ಕರೆಂಟ್ ಆರಿಸಿ, ಬ್ಯಾಟರಿಯನ್ನು ಜೋಳದ ಸೇರಿನ ಪಕ್ಕ ಮಲಗಿಸಿದೆ. ನಿಜವಾಗಿಯೂ ಅಕ್ಷರ ಎದ್ದು ಬಂತು. ಕಾಕಾ ಪಕ್ಕದಲ್ಲೇ ಕೂತಿದ್ದರು. ಉಸ್ತಾದರ ಮಾತು ಅವರಿಗೆ ಓದಿ ಹೇಳಿದ್ದೆ. ಬಫಿಂಗ್ ಮಾತು ಮತ್ತೆ ಎತ್ತಲಿಲ್ಲ. ಫೋಟೋ ನೋಡಿ, ಇಷ್ಟು ವರ್ಷ ಪೂಜೆ ಮಾಡಿದೆವು, ಒಂದು ದಿನವೂ ನೋಡಲಿಲ್ಲ ಅಂದರು.

ಹೂ ಎಣಿಸಿದೆ, ಕಾಣುವ ಮಟ್ಟಿಗೆ. ಎರಡರಲ್ಲಿ ಆರು ದಳ, ಒಂದರಲ್ಲಿ ಏಳು.

ಒಂದು ಪ್ರಶ್ನೆ ಉಳಿದಿದೆ. 1311 ಆದ ಮೇಲೆ ಒಂದು ಸಣ್ಣ ಸುರುಳಿ ಇದೆ, ಅದರ ಮೇಲೆ ಒಂದು ಚುಕ್ಕೆ. ಮೊದಲು ಗೀರು ಅಂದುಕೊಂಡಿದ್ದೆ. ಅದು ಏನು?

ಫರ್ಸಿ ಕಲ್ಲು (ಕಲಬುರಗಿ)

ಫೋಟೋ ನೋಡಿದೆ. ಅದು ಫೆ ಅಕ್ಷರ. ಫಸಲಿ ಅಂತ ತೋರಿಸಲು ಅಂಕಿ ಪಕ್ಕ ಹಾಕುತ್ತಿದ್ದ ಗುರುತು!

ಹೈದರಾಬಾದ್ ಸಂಸ್ಥಾನದ ಸರ್ಕಾರಿ ಲೆಕ್ಕ ಎಲ್ಲ ಫಸಲಿ ಇಸವಿಯಲ್ಲಿ. ನಿಮ್ಮ ಹೊಲದ ಹಳೇ ಉರ್ದು ಕಾಗದಗಳಲ್ಲೂ ಅದೇ ಇರುತ್ತದೆ, ತೆಗೆದು ನೋಡಿ. ಫಸಲಿಗೆ 590 ಕೂಡಿಸಿದರೆ ನಮ್ಮ ಇಸವಿ ಹತ್ತಿರ ಬರುತ್ತದೆ. 1311 ಫಸಲಿ ಅಂದರೆ 1901-02. ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಕಾಲ. ಈಗ ಎಲ್ಲ ಸಲೀಸಾಗಿ ಕೂರುತ್ತದೆ. 1893ರ ನಂತರದ ಮುದ್ರೆ, ಆಮೇಲೆ ಹಡಗು, ಆಮೇಲೆ ಅಂಗಡಿ, 1901ರ ಹೊತ್ತಿಗೆ ಬರಹ. ನನ್ನ ಹಿಜರಿ ಲೆಕ್ಕ ತಪ್ಪಿತ್ತು.

ಹನ್ನೆರಡನೇ ನೋಟ್‌ಬುಕ್ ಇವತ್ತೇ ತಂದೆ. ಮೊದಲ ಪುಟಕ್ಕೆ ನಿಮ್ಮ ಫೋಟೋ ಹಾಕಲು ಒಪ್ಪಿಗೆ ಕೊಡುತ್ತೀರಾ? ಮನೆತನದ ಹೆಸರು ಬರೆಯುವುದಿಲ್ಲ. ನೂರು ವರ್ಷ ದಾಟಿದ ವಸ್ತು ಆದ್ದರಿಂದ 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ದೇಶದ ಹೊರಗೆ ಕಳಿಸುವಂತಿಲ್ಲ ಅನ್ನುವುದೂ ಮನೆಯವರಿಗೆ ಗೊತ್ತಿರಲಿ. ಮುಂದೆ ಯಾರಾದರೂ ಕೇಳಿಕೊಂಡು ಬಂದೇ ಬರುತ್ತಾರೆ.

ಕಲಮ್ ಕೆಲಸ (ಬೀದರ್)

ಅಕ್ಷರ ನಾನು ಓದಿದೆ. ಅಲಿಫ್, ನೂನ್, ಐನ್, ಅಲಿಫ್, ಮೀಮ್. ಇನಾಮ್. ಯಾರೋ ನಿಮ್ಮ ಮುತ್ಯಾನ ಅಪ್ಪನಿಗೆ ಬಹುಮಾನವಾಗಿ ಕೊಟ್ಟಿದ್ದಾರೆ.

ಪಕ್ಕದ ಬೆಳಕಿನ ಫೋಟೋದಲ್ಲಿ ಇನ್ನೂ ಒಂದು ಕಂಡಿತು. ಮೊದಲ ಅಲಿಫ್‌ನಲ್ಲಿ ಬೆಳ್ಳಿ ಅರ್ಧ ಹೋಗಿದೆ. ನೂನ್ ಖಾಲಿ, ಬರೀ ಒರಟು ತಳ ಉಳಿದಿದೆ. ಆದರೆ ಮೀಮ್‌ನ ಬಾಲ ನೋಡಿ, ಕೆಳಗೆ ಇಳಿದು ಸಣ್ಣಗೆ ಮುಗಿಯುವ ಜಾಗ. ಅಲ್ಲಿ ಕಲಮ್ ತಿರುಗಿಸುವಷ್ಟೂ ಜಾಗ ಇಲ್ಲ, ಅಷ್ಟು ಇಕ್ಕಟ್ಟು. ಅಲ್ಲೇ ತಂತಿ ಪೂರ್ತಿ ಕೂತಿದೆ, ಕಪ್ಪಾಗಿದೆ, ತುದಿ ಎದ್ದಿಲ್ಲ. ಉಕ್ಕಿನಲ್ಲಿ ಅಷ್ಟು ಸಣ್ಣ ಗೆರೆಗೆ ತಂತಿ ಕೂರಿಸಲು ನನಗೆ ಇವತ್ತು ಹೇಳಿದರೆ ಎರಡು ದಿನ ಕೇಳುತ್ತೇನೆ.

ಉಸ್ತಾದರಿಗೆ ಈಗ ಕಣ್ಣು ಅಷ್ಟು ಕಾಣುವುದಿಲ್ಲ. ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿದ್ದೇನೆ. ನಾಳೆ ಬೆಳಿಗ್ಗೆ ಅವರ ಮನೆಗೆ ಒಯ್ಯುತ್ತೇನೆ.